ಕಡಮೆ ಬೆಲೆಯ ಜೂಮ್ ಲೆನ್ಸನ್ನು ಆರಿಸುವ ವಿಚಾರ

ಈ ಸ್ಮರಣ ಸಂಚಿಕೆಗೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಂದಿರೂ ಪ್ರೀತಿಯಿಂದ ಕಳುಹಿಸಿಕೊಟ್ಟ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಆರಿಸಲು ಕುಳಿತಾಗ ನಮಗೆ ಒಂದು ಸಂಗತಿಯು ಎದ್ದು ಕಂಡಿತು. ಹಗಲಿನಲ್ಲಿ ಶಾಲೆಯ ಅಂಗಳದಲ್ಲಾಗಲಿ ತುಂಗಭದ್ರೆಯ ದಂಡೆಯಲ್ಲಾಗಲಿ ತೆಗೆದ ಚಿತ್ರಗಳು ಬಹುಮಟ್ಟಿಗೆ ಸೊಗಸಾಗಿಯೇ ಇದ್ದವು. ಆದರೆ ಸಂಜೆಯ ಮೇಲೆ ಸಭಾಂಗಣದೊಳಗೆ, ಕೋಲಾಟ ನಾಟಕಗಳು ನಡೆಯುತ್ತಿರುವಾಗ ತೆಗೆದವುಗಳಲ್ಲಿ ಹೆಚ್ಚಿನವು ಅಚ್ಚಿಗೆ ಕೊಡುವಂತೆಯೇ ಇರಲಿಲ್ಲ. ಕೋಲುಗಳು ಬಿಳಿಯ ಗೆರೆಗಳಾಗಿ, ಮುಖಗಳು ಮಳೆಹನಿ ಬಿದ್ದ ರಂಗೋಲಿಯಂತಾಗಿ, ಯಾರ ಮಗಳು ಯಾರೆಂಬುದೇ ತಿಳಿಯದೆ ಹೋಗಿತ್ತು. ಇವುಗಳನ್ನು ತೆಗೆದವರ ಕೈಯಲ್ಲಿದ್ದ ಕ್ಯಾಮರಾಗಳು ಕೀಳಾದವಲ್ಲ; ಅವರ ಶ್ರದ್ಧೆಯೂ ಕಡಮೆಯದಲ್ಲ. ಕೊರತೆಯಿದ್ದುದು ಕ್ಯಾಮರಾದ ಮುಂದೆ ಜೋಡಿಸಿದ ಲೆನ್ಸಿನಲ್ಲಿ.

ಇದೇ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳೊಡನೆ ಹೊನ್ನಾಳಿಯ ಸಮೀಪದ ತವರೂರಿಗೆ ಹಿಂದಿರುಗಿರುವ ಈಕೆಯು, ಸುತ್ತಲಿನ ಹಳ್ಳಿಗಳ ನಾಮಕರಣ, ಸೀಮಂತ, ಮದುವೆಗಳ ಚಿತ್ರಗಳನ್ನು ತೆಗೆದು ಜೀವನ ಸಾಗಿಸಬೇಕೆಂದು ನಿಶ್ಚಯಿಸಿ, ಅಣ್ಣನು ಬಳಸಿ ಬಿಟ್ಟಿದ್ದ ಡಿಜಿಟಲ್ ಕ್ಯಾಮರಾವೊಂದನ್ನು ಇಸಿದುಕೊಂಡಿದ್ದಳು. ಲೆನ್ಸಿಗಾಗಿ ಮಹಿಳಾ ಸಂಘದಲ್ಲಿ ಸಾಲವನ್ನು ಎತ್ತಿದ್ದಳು. "ಮೇಡಂ, 18ರಿಂದ 400ರವರೆಗೆ ಎಲ್ಲಾ ಒಂದರಲ್ಲೇ ಬರುವ ಲೆನ್ಸು ಇದೆಯಂತೆ. ಕಂಪೆನಿಯದಲ್ಲ, ಬೇರೆಯವರದು. ಅದನ್ನೇ ತೆಗೆದುಕೊಂಡುಬಿಡಲೇ?" ಎಂದು ಕೇಳಿದಳು. ಸಂಘದ ಸಾಲವನ್ನು ವಾರವಾರವೂ ತೀರಿಸತಕ್ಕದ್ದು. ತಪ್ಪಾದ ಲೆನ್ಸನ್ನು ಕೊಂಡರೆ ಸರಿಯಾದುದಕ್ಕಾಗಿ ಮತ್ತೊಂದು ಸಾಲ ಹುಟ್ಟುವುದಿಲ್ಲ. ಆದುದರಿಂದ ನಾವು ಕೂಡಲೇ "ಬೇಡ" ಎಂದೆವು. ಯಾತಕ್ಕೆ ಬೇಡವೆಂಬುದನ್ನು ತಿಳಿಸಲು ಒಂದು ಮಧ್ಯಾಹ್ನವೆಲ್ಲ ಬೇಕಾಯಿತು. ಅಂದು ಆಕೆಗೆ ಹೇಳಿದುದನ್ನೇ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಹೆಸರುಗಳ ವಿಷಯ. ಶಾಲೆಯ ಬಾಗಿಲಲ್ಲಿ ಬೆಂಚು ಹಾಕಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ತರಗತಿಯ ಗುಂಪುಚಿತ್ರ ತೆಗೆಯುತ್ತಿದ್ದ ಹಳೆಯ ಕಾಲದ ಫೋಟೋಗ್ರಾಫರರ ಲೆನ್ಸು ಒಂದೇ ಅಳತೆಯದಾಗಿತ್ತು. ಹುಡುಗಿಯರು ಚೌಕಟ್ಟಿನೊಳಗೆ ಹಿಡಿಸದಿದ್ದರೆ ಅವರು ಕಾಲುಮಣೆಯನ್ನೂ ಕ್ಯಾಮರಾವನ್ನೂ ಹೊತ್ತುಕೊಂಡು ಹಿಂದಕ್ಕೆ ಸರಿಯಬೇಕಾಗುತ್ತಿತ್ತು. ನಿಂತಲ್ಲಿಯೇ ನಿಂತು ದೂರದ್ದನ್ನು ಹತ್ತಿರಕ್ಕೆ ಎಳೆಯಲೂ, ಹತ್ತಿರದ್ದನ್ನು ವಿಶಾಲವಾಗಿ ಹಿಡಿಯಲೂ ಬರುವಂತೆ, ಒಳಗಿನ ಗಾಜುಗಳನ್ನು ಹಿಂದೆಮುಂದೆ ಸರಿಸಿ ಸಂಗಮದೂರವನ್ನು ಬದಲಾಯಿಸುವ ಲೆನ್ಸಿಗೆ ಜೂಮ್ ಲೆನ್ಸೆಂದು ಹೆಸರು. 35 ಮಿ.ಮೀ. ಫಿಲ್ಮಿನ ಸ್ಥಿರಚಿತ್ರದ ಕ್ಯಾಮರಾಗಳಿಗೆ ಇಂಥ ಲೆನ್ಸು ಮೊದಲು ಮಾರಾಟಕ್ಕೆ ಬಂದುದು 1959ರಲ್ಲಿ. ಫ್ರಾಂಕ್ ಬ್ಯಾಕ್ ಎಂಬವರ ಯೋಜನೆಯಂತೆ ಸಿದ್ಧವಾದ ಅದಕ್ಕೆ ಫೋಯಿಕ್ಟ್‌ಲ್ಯಾಂಡರ್ ಜೂಮಾರ್ ಎಂದು ಹೆಸರು. 36ರಿಂದ 82 ಮಿ.ಮೀ.ವರೆಗಿನ ಸಂಗಮದೂರ ಅದಕ್ಕಿತ್ತು. ಸಂಗಮದೂರವೆಂಬ ಮಾತನ್ನು ನಮ್ಮ ವಿದ್ಯಾರ್ಥಿನಿಯರು ಮರೆತಿರಲಾರರು. ಪೀನ ಮಸೂರವನ್ನು ಬಿಸಿಲಿಗೆ ಹಿಡಿದು ಕಾಗದವನ್ನು ಸುಟ್ಟ ಪಾಠದಲ್ಲಿ ಬಂದುದೇ ಇದು.

ಇನ್ನು 'ಥರ್ಡ್ ಪಾರ್ಟಿ' ಎಂಬುದು. ಕ್ಯಾಮರಾ ಮಾಡಿದ ಕಂಪೆನಿಯು ಒಬ್ಬರು, ಕೊಂಡ ನಾವು ಇನ್ನೊಬ್ಬರು. ಇವರಿಬ್ಬರ ನಡುವೆ ಬಂದು, ಆ ಕ್ಯಾಮರಾಕ್ಕೆ ಹೊಂದುವ ಲೆನ್ಸನ್ನು ತಾವು ಮಾಡಿ ಮಾರುವವರು ಮೂರನೆಯವರು. ಇವರಲ್ಲಿ ನಮ್ಮ ದೇಶದ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಟ್ಯಾಮ್ರಾನ್ ಮತ್ತು ಸಿಗ್ಮಾ. ಎರಡೂ ಜಪಾನಿನವು. ಟ್ಯಾಮ್ರಾನ್ 1950ರಲ್ಲಿ ಹುಟ್ಟಿತು. ಸಿಗ್ಮಾ ಕಂಪೆನಿಯನ್ನು ಮಿಚಿಹಿರೋ ಯಮಾಕಿ ಎಂಬವರು 1961ರಲ್ಲಿ ಸ್ಥಾಪಿಸಿದರು, ಅದರ ಕಾರ್ಖಾನೆಯು ಫುಕುಶಿಮಾ ಪ್ರಾಂತದ ಐಜು ಎಂಬಲ್ಲಿದೆ. ಅಂದರೆ ಇವು ನಕಲಿ ಸರಕುಗಳೆಂದಾಗಲಿ ನಿನ್ನೆ ಮೊನ್ನೆ ಎದ್ದ ಅಂಗಡಿಗಳೆಂದಾಗಲಿ ಭಾವಿಸಕೂಡದು. ಕಡಮೆ ಬೆಲೆಗೆ ಮಾರಲು ಅವರಿಗೆ ಅನುಕೂಲವಿರುವುದು ಹೇಗೆಂದರೆ, ಒಂದೇ ಗಾಜಿನ ಜೋಡಣೆಯನ್ನು ನಿಶ್ಚಯಿಸಿಕೊಂಡು, ಹಿಂದಿನ ಬಳೆಯನ್ನು ಮಾತ್ರ ಬದಲಾಯಿಸಿ, ಹಲವು ಕಂಪೆನಿಗಳ ಕ್ಯಾಮರಾಗಳಿಗೆ ಹೊಂದಿಸುತ್ತಾರೆ. ಖರ್ಚು ಹಂಚಿಹೋಗುತ್ತದೆ.

ಎಷ್ಟರ ಮಟ್ಟಿಗೆ ಬೆಲೆಯ ಅಂತರವೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇವೆ. ಸೋನಿ ಕಂಪೆನಿಯು 2019ರಲ್ಲಿ ತನ್ನ ಸಣ್ಣ ಸೆನ್ಸರಿನ ಕ್ಯಾಮರಾಗಳಿಗಾಗಿ 16–55 ಮಿ.ಮೀ., ಎಫ್ 2.8ರ ಲೆನ್ಸನ್ನು ಹೊರತಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 1400 ಡಾಲರು. ಅದೇ ಕ್ಯಾಮರಾಗಳಿಗೆ 2021ರಲ್ಲಿ ಟ್ಯಾಮ್ರಾನ್ 17–70 ಎಫ್ 2.8ನ್ನು ಸುಮಾರು 800 ಡಾಲರಿಗೂ, ಸಿಗ್ಮಾ 18–50 ಎಫ್ 2.8ನ್ನು ಸುಮಾರು 550 ಡಾಲರಿಗೂ ಬಿಡುಗಡೆ ಮಾಡಿದವು. ತೂಕದಲ್ಲಿಯೂ ಸಿಗ್ಮಾದ್ದು 300 ಗ್ರಾಮಿಗಿಂತ ಕಡಮೆ. ಸೋನಿಯದು ಸುಮಾರು 500 ಗ್ರಾಂ. ಸೋನಿಯ ಲೆನ್ಸು ಉತ್ತಮವಾದುದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಸಭಾಂಗಣದಲ್ಲಿ ಬೆಳಕನ್ನು ಹಿಡಿಯುವ ಶಕ್ತಿಯಲ್ಲಿ ಮೂರೂ ಒಂದೇ.

ಈ ಬೆಳಕಿನ ಶಕ್ತಿಯೇ ನಮ್ಮ ಲೇಖನದ ತಿರುಳಾದುದರಿಂದ ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ. ಲೆನ್ಸಿನ ಮೈಮೇಲೆ ಎರಡು ವಿಧವಾದ ಅಂಕಿಗಳಿರುತ್ತವೆ. 18–55, 70–300 ಎಂಬಂಥವು ಸಂಗಮದೂರದ ಅಂಕಿಗಳು. ಇವು ದೊಡ್ಡವಾದಷ್ಟೂ ದೂರದ ವಸ್ತುವು ದೊಡ್ಡದಾಗಿ ಬರುವುದು. ಅಂಗಡಿಯವರು ಕೂಗಿ ಹೇಳುವುದೂ ಕೊಳ್ಳುವವರು ನೋಡುವುದೂ ಇವನ್ನೇ. ಇದರ ಪಕ್ಕದಲ್ಲಿ 1:3.5–5.6 ಅಥವಾ 1:2.8 ಎಂದು ಸಣ್ಣದಾಗಿ ಬರೆದಿರುತ್ತದೆ. ಇದು ಅಪರ್ಚರ್ ಎಂಬ ಬೆಳಕಿನ ಕಂಡಿಯ ಅಳತೆ; ಇದನ್ನೇ ಎಫ್ 2.8, ಎಫ್ 5.6 ಎನ್ನುವುದು. ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಂಡಿಯ ಅಗಲ ಸಿಗುತ್ತದೆ. 50 ಮಿ.ಮೀ.ನಲ್ಲಿ ಎಫ್ 2.8 ಆದರೆ ಕಂಡಿಯು ಸುಮಾರು 18 ಮಿ.ಮೀ. ಅಗಲ, ಎಫ್ 5.6 ಆದರೆ ಸುಮಾರು 9 ಮಿ.ಮೀ. ಅಂಕಿಯು ಚಿಕ್ಕದಾದಷ್ಟೂ ಕಂಡಿಯು ದೊಡ್ಡದು. ಅಗಲವು ಅರ್ಧವಾದರೆ ಬೆಳಕು ಅರ್ಧವಾಗುವುದೆಂದು ಎಣಿಸಬಾರದು. ಹಳೆಯ ಮನೆಗಳ ಅಡಿಗೆಕೋಣೆಯ ಗವಾಕ್ಷಿಯನ್ನು ನೆನೆಯಿರಿ. ಒಂದಡಿ ಉದ್ದಗಲದ ಗವಾಕ್ಷಿಯ ಜಾಗದಲ್ಲಿ ಎರಡಡಿ ಉದ್ದಗಲದ್ದನ್ನು ಇಡಿಸಿದರೆ ಒಳಗೆ ಬೀಳುವ ಬಿಸಿಲು ನಾಲ್ಕು ಪಟ್ಟಾಗುವುದಷ್ಟೆ. ಹಾಗೆಯೇ ಎಫ್ 2.8ರ ಲೆನ್ಸು ಎಫ್ 5.6ರದಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. 18–400ರಂಥ ಉದ್ದ ಜೂಮುಗಳ ತುದಿಯಲ್ಲಿರುವ ಎಫ್ 6.3ಕ್ಕೆ ಹೋಲಿಸಿದರೆ ಐದು ಪಟ್ಟು.

ಇದರಿಂದ ಕೋಲಾಟಕ್ಕೆ ಏನಾಗುವುದೆಂದು ನೋಡೋಣ. ಸಭಾಂಗಣದ ದೀಪಗಳ ಕೆಳಗೆ, ಐ.ಎಸ್.ಒ. ಎಂಬ ಸೆನ್ಸರಿನ ಸಂವೇದನೆಯನ್ನು 3200ಕ್ಕೆ ಏರಿಸಿಕೊಂಡು, ಎಫ್ 2.8ರಲ್ಲಿ ಸೆಕೆಂಡಿನ 250ನೆಯ ಒಂದು ಭಾಗದಲ್ಲಿ ಚಿತ್ರ ಬರುವುದೆಂದು ಇಟ್ಟುಕೊಳ್ಳಿ. ಕುಣಿಯುವ ಹುಡುಗಿಯ ಕೈಯನ್ನು ಅಷ್ಟರಲ್ಲಿ ಸಾಧಾರಣವಾಗಿ ಹಿಡಿದು ನಿಲ್ಲಿಸಬಹುದು. ಅದೇ ಬೆಳಕಿನಲ್ಲಿ ಎಫ್ 5.6ರ ಲೆನ್ಸಿಗೆ 60ನೆಯ ಒಂದು ಭಾಗ ಬೇಕಾಗುತ್ತದೆ, ಎಫ್ 6.3ಕ್ಕೆ 50ನೆಯ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಕೋಲು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿರುತ್ತದೆ. ನಮ್ಮ ಮೇಜಿನ ಮೇಲಿದ್ದ ಬಿಳಿಯ ಗೆರೆಗಳಿಗೆ ಕಾರಣವಿದೇ. ಐ.ಎಸ್.ಒ.ವನ್ನು 12800ಕ್ಕೆ ಏರಿಸಿ ವೇಗವನ್ನು ಉಳಿಸಿಕೊಳ್ಳಬಹುದಾದರೂ, ಹಳೆಯ ಕ್ಯಾಮರಾಗಳಲ್ಲಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಟ್ಯಾಮ್ರಾನಿನವರು ವಿ.ಸಿ. ಎಂದೂ, ಸಿಗ್ಮಾದವರು ಓ.ಎಸ್. ಎಂದೂ ಕರೆಯುವ ಕಂಪನನಿವಾರಕ ಏರ್ಪಾಡು ಕೆಲವು ಲೆನ್ಸುಗಳಲ್ಲಿರುತ್ತದೆ. "ಇದಿದ್ದರೆ ಕತ್ತಲೆಯಲ್ಲಿಯೂ ಚಿತ್ರ ಬರುತ್ತದೆ" ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಅದು ಹಿಡಿದವರ ಕೈನಡುಕವನ್ನು ಸರಿಪಡಿಸುತ್ತದೆಯೇ ಹೊರತು ಕುಣಿಯುವವಳ ಕಾಲನ್ನು ನಿಲ್ಲಿಸುವುದಿಲ್ಲ. ದೇವಾಲಯದ ಕಂಬವನ್ನೋ ಮನೆಯ ತೊಟ್ಟಿಯನ್ನೋ ತೆಗೆಯುವವರಿಗೆ ಅದು ಬಹಳ ಉಪಕಾರಿ, ಕೋಲಾಟಕ್ಕೆ ಅಲ್ಲ. ಫ್ಲಾಷ್ ಹಾಕಬಹುದಲ್ಲವೇ ಎಂದರೆ, ನಾಟಕದ ನಡುವೆ ಅದು ಮಕ್ಕಳ ಕಣ್ಣು ಕುಕ್ಕುವುದಲ್ಲದೆ ಹಿಂದಿನ ಸಾಲುಗಳಿಂದ ವೇದಿಕೆಯನ್ನು ಮುಟ್ಟುವುದೂ ಇಲ್ಲ.

"ಹಾಗಾದರೆ ಎಫ್ 2.8ರದ್ದೇ ಸರಿ, ಆದರೆ 50 ಮಿ.ಮೀ. ಎಂದರೆ ದೂರ ಸಾಲದಲ್ಲ?" ಎಂದು ನಮ್ಮ ವಿದ್ಯಾರ್ಥಿನಿಯು ಕೇಳಿದಳು. ಇದಕ್ಕೂ ಲೆಕ್ಕವುಂಟು. ನಮ್ಮ ಮನೆಗಳಲ್ಲಿರುವ ಸಾಧಾರಣ ಕ್ಯಾಮರಾಗಳ ಸೆನ್ಸರು ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಸೆನ್ಸರಿನ ಅಗಲವನ್ನು ನಿಮ್ಮ ದೂರದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಚಿತ್ರದಲ್ಲಿ ಎಷ್ಟು ಅಗಲ ಹಿಡಿಸುವುದೆಂದು ತಿಳಿಯುವುದು. ವೇದಿಕೆಯಿಂದ 10 ಮೀಟರು ದೂರದಲ್ಲಿ ಕುಳಿತರೆ, 18 ಮಿ.ಮೀ.ಗೆ 13 ಮೀಟರು ಅಗಲ ಹಿಡಿಸುತ್ತದೆ, 50 ಮಿ.ಮೀ.ಗೆ 4.7 ಮೀಟರು. 25 ಅಡಿಯ ವೇದಿಕೆಯನ್ನು ಪೂರ್ತಿಯಾಗಿ ಹಿಡಿಯಲು ಸುಮಾರು 31 ಮಿ.ಮೀ. ಸಾಕು. ಒಬ್ಬಳೇ ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ತುಂಬಾ ತೆಗೆಯಬೇಕಾದರೆ 5 ಮೀಟರಿಗೆ ಬಂದು, 50 ಮಿ.ಮೀ.ಗೆ ತಿರುಗಿಸಬೇಕು. ಆದರೆ 20 ಮೀಟರು ಹಿಂದೆ, ಕೊನೆಯ ಸಾಲಿನಲ್ಲಿ ಕುಳಿತು ಅದೇ ಚಿತ್ರ ಬೇಕೆಂದರೆ 200 ಮಿ.ಮೀ. ಬೇಕಾಗುವುದು. ಅಷ್ಟು ದೂರಕ್ಕೆ ಎಫ್ 2.8ರ ಬೆಳಕನ್ನೂ ಕೊಡುವ 70–200ರ ಲೆನ್ಸುಗಳುಂಟು. ಅವು ಒಂದೂವರೆ ಕಿಲೋಗ್ರಾಮಿನ ಸುಮಾರಿನ ಭಾರವೂ, ಸಂಘದ ಸಾಲಕ್ಕೆ ನಿಲುಕದ ಬೆಲೆಯೂ ಆಗಿರುತ್ತವೆ. ಎದ್ದು ಹದಿನೈದು ಹೆಜ್ಜೆ ಮುಂದಕ್ಕೆ ಹೋಗಿ, ಪಕ್ಕದ ಗೋಡೆಗೆ ಆನಿಕೊಂಡು ನಿಂತರೆ ಖರ್ಚೇನೂ ಇಲ್ಲ. ತಾಯಂದಿರು ಸಂಕೋಚಪಡುತ್ತಾರೆಂದು ನಾವು ಬಲ್ಲೆವು. ಅಧ್ಯಾಪಕಿಯರನ್ನು ಕೇಳಿದರೆ ಜಾಗ ಮಾಡಿಕೊಡುತ್ತಾರೆ.

ಈಗ ಇದಕ್ಕೆ ವಿರುದ್ಧವಾದ ಸಂದರ್ಭ. ಚನ್ನಗಿರಿಯ ತಾಲ್ಲೂಕಿನ ಶಾಂತಿಸಾಗರಕ್ಕೆ, ಅಂದರೆ ಸೂಳೆಕೆರೆಗೆ, ಬೆಳಗಿನಲ್ಲಿ ಹೋಗಿ ಹಕ್ಕಿಗಳ ಚಿತ್ರ ತೆಗೆಯುವವರುಂಟು. ಅರ್ಧ ಮೀಟರು ಉದ್ದದ ನೀರುಕಾಗೆಯು 30 ಮೀಟರು ದೂರದ ಕೊರಡಿನ ಮೇಲೆ ಕುಳಿತಿದೆಯೆಂದರೆ, 50 ಮಿ.ಮೀ.ನ ಲೆನ್ಸಿನಲ್ಲಿ ಅದು ಸೆನ್ಸರಿನ ಮೇಲೆ ಒಂದು ಮಿ.ಮೀ.ನಷ್ಟೂ ಆಗುವುದಿಲ್ಲ. 300 ಮಿ.ಮೀ.ನಲ್ಲಿ 5 ಮಿ.ಮೀ., 600 ಮಿ.ಮೀ.ನಲ್ಲಿ 10 ಮಿ.ಮೀ. ಆಗುತ್ತದೆ. ಹದಿನೈದು ಹೆಜ್ಜೆ ಮುಂದೆ ಹೋಗುವ ಉಪಾಯವು ಇಲ್ಲಿ ನಡೆಯದು. ಮುಂದೆ ನೀರು, ಮತ್ತು ಹಕ್ಕಿಯು ನಮ್ಮನ್ನು ಕಾಯುವುದಿಲ್ಲ. ಆದರೆ ಇಲ್ಲಿ ಬಿಸಿಲುಂಟು. ಚೆನ್ನಾದ ಬಿಸಿಲಿನಲ್ಲಿ ಐ.ಎಸ್.ಒ. 400 ಇಟ್ಟರೆ ಎಫ್ 6.3ರ ಅಗ್ಗದ ಲೆನ್ಸಿಗೂ ಸೆಕೆಂಡಿನ 2000ನೆಯ ಒಂದು ಭಾಗಕ್ಕಿಂತ ಹೆಚ್ಚಿನ ವೇಗ ಸಿಗುತ್ತದೆ. ಸಭಾಂಗಣದಲ್ಲಿ ಕೈಕೊಟ್ಟ ಲೆನ್ಸೇ ಕೆರೆಯ ದಂಡೆಯಲ್ಲಿ ಧಾರಾಳವಾಗಿ ಸಾಕಾಗುವುದು ಹೀಗೆ.

ಮೂರನೆಯ ಕಂಪೆನಿಗಳು ಜನಸಾಮಾನ್ಯರಿಗೆ ಮಾಡಿದ ದೊಡ್ಡ ಉಪಕಾರವೂ ಈ ವರ್ಗದಲ್ಲಿಯೇ. 2013ರಲ್ಲಿ ಟ್ಯಾಮ್ರಾನ್, ಮರುವರ್ಷ ಸಿಗ್ಮಾ, 150–600 ಮಿ.ಮೀ.ನ ಜೂಮುಗಳನ್ನು ಪ್ರಕಟಿಸಿದವು. ಅದಕ್ಕೆ ಮೊದಲು 600 ಮಿ.ಮೀ. ಎಂದರೆ ಕ್ಯಾಮರಾ ಕಂಪೆನಿಗಳ, ಲಕ್ಷಾಂತರ ರೂಪಾಯಿಯ ಲೆನ್ಸುಗಳೇ ಮುಖ್ಯವಾಗಿದ್ದವು. ಈ ಜೂಮುಗಳು ಸುಮಾರು 2 ಕಿಲೋಗ್ರಾಂ ತೂಗುತ್ತವೆ. ಕೈಯಲ್ಲಿ ಬಹಳ ಹೊತ್ತು ಹಿಡಿಯಲಾಗದು. ಅಷ್ಟು ಬೇಡವೆನ್ನುವವರಿಗೆ ಅದೇ ಎರಡು ಕಂಪೆನಿಗಳು 2017ರಲ್ಲಿ ಹೊರತಂದ 100–400ರ ಲೆನ್ಸುಗಳುಂಟು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು 2011ರಲ್ಲಿ ಕೊಂಡುಕುರಿಗಳ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಯನ್ನು ಕುರುಚಲು ಕಾಡಿನಲ್ಲಿ ತೆಗೆಯಬೇಕೆನ್ನುವವರಿಗೆ ಇಂಥದೇ ಬೇಕು; ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರುವರಿ ತಿಂಗಳಲ್ಲಿ ಸಂತ ಸೇವಾಲಾಲರ ಜಯಂತಿಯು ನಡೆಯುವಾಗ, ಲಂಬಾಣಿ ಹೆಂಗಸರ ಕನ್ನಡಿ ಹೊಲಿದ ಉಡುಪುಗಳ ಚಿತ್ರ ತೆಗೆಯಲು ಹೋಗುವವರು ಉದ್ದನೆಯ ಲೆನ್ಸನ್ನು ಹೊತ್ತುಕೊಂಡು ಹೋಗುವುದನ್ನು ನಾವು ನೋಡಿದ್ದೇವೆ. ಆ ಜನಸಂದಣಿಯಲ್ಲಿ ಎದುರಿಗಿರುವವರು ಎರಡು ಮಾರು ದೂರದಲ್ಲಿರುತ್ತಾರೆ. ಅಲ್ಲಿ ಬೇಕಾದುದು 18ರಿಂದ 50ರವರೆಗಿನದೇ.

ಹಾಗಾದರೆ 18–400ನ್ನು ನಾವು ಆಕೆಗೆ ಬೇಡವೆಂದುದೇಕೆ? ಟ್ಯಾಮ್ರಾನ್ 2017ರಲ್ಲಿ ಅದನ್ನು ಪ್ರಕಟಿಸಿದಾಗ ಒಂದೇ ಲೆನ್ಸಿನಲ್ಲಿ ಅಷ್ಟು ಹರವನ್ನು ತಂದುದು ಆಶ್ಚರ್ಯವೇ ಸರಿ. ಪ್ರವಾಸಕ್ಕೆ ಒಂದೇ ಚೀಲ ಹಿಡಿದು ಹಗಲಿನಲ್ಲಿ ತಿರುಗುವವರಿಗೆ ಅದು ಒಳ್ಳೆಯ ಸಂಗಾತಿ. ಆದರೆ ನಮ್ಮ ವಿದ್ಯಾರ್ಥಿನಿಯ ಕೆಲಸವು ಇರುವುದು ಮನೆಯೊಳಗೆ, ಚಪ್ಪರದ ಕೆಳಗೆ, ರಾತ್ರಿಯ ಆರತಕ್ಷತೆಯಲ್ಲಿ. ಅಲ್ಲಿ 400 ಮಿ.ಮೀ. ಆಕೆಗೆ ಒಂದು ದಿನವೂ ಬೇಕಾಗದು, ಎಫ್ 2.8 ದಿನವೂ ಬೇಕಾಗುವುದು.

ಲೆನ್ಸನ್ನು ನಿಶ್ಚಯಿಸಿದ ಮೇಲೂ ಒಂದು ಬಾವಿಯುಂಟು. ಅದಕ್ಕೆ ನಾವೇ ಬಿದ್ದಿದ್ದೇವಾದುದರಿಂದ ಮುಚ್ಚಿಡದೆ ಹೇಳುತ್ತೇವೆ. 2012ರ ವಾರ್ಷಿಕೋತ್ಸವಕ್ಕೆ ಮುಂಚೆ, ಎಫ್ 2.8ರ ಮಹಿಮೆಯನ್ನು ಆಗತಾನೆ ಓದಿಕೊಂಡಿದ್ದ ನಾವು, ಅಂಗಡಿಯೊಂದರಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಿದ್ದ ಜೂಮ್ ಲೆನ್ಸೊಂದನ್ನು ಕಂಡು, ಬೆಲೆಯು ಕಡಮೆಯೆಂದು ಹಿಗ್ಗಿ ಕೊಂಡು ತಂದೆವು. ಕ್ಯಾಮರಾಕ್ಕೆ ಸರಿಯಾಗಿ ಕೂಡಿತು. ಮನೆಯಲ್ಲಿ ಪರೀಕ್ಷಿಸಿ ನೋಡಲು ವ್ಯವಧಾನವಾಗಲಿಲ್ಲ. ಸಂಜೆ ಸಭಾಂಗಣದಲ್ಲಿ ಗುಂಡಿಯನ್ನು ಒತ್ತಿದರೆ ಲೆನ್ಸು ಅಲುಗಲೇ ಇಲ್ಲ. ಆಟೋಫೋಕಸ್ ಮಾಡುವ ಮೋಟಾರು ಆ ಲೆನ್ಸಿನೊಳಗೆ ಇರಲಿಲ್ಲ. ಕ್ಯಾಮರಾದೊಳಗಿನ ಮೋಟಾರನ್ನು ನಂಬಿ ಮಾಡಿದ ಲೆನ್ಸು ಅದು. ನಮ್ಮ ಸಣ್ಣ ಕ್ಯಾಮರಾದೊಳಗೂ ಮೋಟಾರು ಇರಲಿಲ್ಲ. ಅತ್ತಿಗೆ ಅತ್ತೆಯ ಮೇಲೂ, ಅತ್ತೆ ಅತ್ತಿಗೆಯ ಮೇಲೂ ಅಡಿಗೆ ಬಿಟ್ಟ ಹಾಗಾಯಿತು. ಕೈಯಿಂದ ಬಳೆಯನ್ನು ತಿರುಗಿಸುತ್ತಾ ಇಣುಕುಗಂಡಿಯಲ್ಲಿ ಕಣ್ಣಿಟ್ಟು ಆ ರಾತ್ರಿ ತೆಗೆದವುಗಳಲ್ಲಿ ನಿಚ್ಚಳವಾಗಿ ಬಂದವು ಬೆರಳೆಣಿಕೆಯಷ್ಟು. ಆ ವರ್ಷ ನಿವೃತ್ತರಾದ ನಮ್ಮ ಹಿರಿಯ ಅಧ್ಯಾಪಕಿಯವರಿಗೆ ಹುಡುಗಿಯರು ಹಾರ ಹಾಕಿದ ಗಳಿಗೆಯೂ ಮಸುಕಾದವುಗಳಲ್ಲಿ ಸೇರಿತು. ಅವರು ಈಗ ನಮ್ಮೊಂದಿಗಿಲ್ಲ. ಈ ಸಂಚಿಕೆಯಲ್ಲಿ ಅವರ ಚಿತ್ರವೆಂದು ಅಚ್ಚಾಗಿರುವುದು ಗುರುತಿನ ಚೀಟಿಯಿಂದ ತೆಗೆದುಕೊಂಡದ್ದು.

ಆದುದರಿಂದ ಮೌಂಟ್ ಎಂಬ ಬಳೆಯ ವಿಷಯವನ್ನು ಚೆನ್ನಾಗಿ ತಿಳಿಯತಕ್ಕದ್ದು. ಪ್ರತಿಯೊಂದು ಕಂಪೆನಿಯ ಬಳೆಯೂ ಬೇರೆ; ಒಂದೇ ಕಂಪೆನಿಯಲ್ಲಿಯೂ ಒಳಗೆ ಕನ್ನಡಿಯಿರುವ ಹಳೆಯ ಕ್ಯಾಮರಾಗಳದು ಒಂದು, ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳದು ಇನ್ನೊಂದು. ಕೆನಾನಿನಲ್ಲಿ 1987ರಿಂದ ಬಂದ ಇ.ಎಫ್., 2018ರಲ್ಲಿ ಬಂದ ಆರ್.ಎಫ್.; ನಿಕಾನಿನಲ್ಲಿ 1959ರ ಎಫ್, 2018ರ ಝಡ್. ಹಳೆಯ ಬಳೆಯ ಲೆನ್ಸನ್ನು ಅಡಾಪ್ಟರ್ ಎಂಬ ಕೊಳವೆಯ ಮೂಲಕ ಹೊಸ ಕ್ಯಾಮರಾಕ್ಕೆ ಜೋಡಿಸಬಹುದು. ಹೊಸ ಲೆನ್ಸನ್ನು ಹಳೆಯ ಕ್ಯಾಮರಾಕ್ಕೆ ಜೋಡಿಸಲಾಗದು. ಯಾತಕ್ಕೆಂದರೆ ಇ.ಎಫ್. ಬಳೆಯಿಂದ ಸೆನ್ಸರಿಗೆ 44 ಮಿ.ಮೀ. ದೂರ, ಆರ್.ಎಫ್.ನಲ್ಲಿ 20 ಮಿ.ಮೀ. ಮಾತ್ರ. ನಡುವೆ ಉಳಿದ ಜಾಗದಲ್ಲಿ ಕೊಳವೆಯನ್ನು ಇಡಬಹುದು, ಇಲ್ಲದ ಜಾಗವನ್ನು ಹುಟ್ಟಿಸಲು ಬರುವುದಿಲ್ಲ. ಕೆನಾನಿನ ಇ.ಎಫ್. ಪದ್ಧತಿಯಲ್ಲಿ ಮೋಟಾರು ಮೊದಲಿನಿಂದಲೂ ಲೆನ್ಸಿನೊಳಗೇ ಇದೆ. ನಿಕಾನಿನ ಎಫ್ ಬಳೆಯ ಹಳೆಯ ಲೆನ್ಸುಗಳನ್ನು ಕೊಳ್ಳುವವರು ಮಾತ್ರ, 2006ರ ಡಿ 40 ಮೊದಲಾದ ಸಣ್ಣ ಕ್ಯಾಮರಾಗಳಲ್ಲಿ ಮೋಟಾರು ಇಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡು, "ಲೆನ್ಸಿನೊಳಗೆ ಮೋಟಾರು ಇದೆಯೇ?" ಎಂದು ಮೊದಲು ಕೇಳಬೇಕು.

ಲೆನ್ಸಿನ ಹಿಂಭಾಗದಲ್ಲಿ ಕಾಣುವ ಚಿನ್ನದ ಬಣ್ಣದ ಚುಕ್ಕೆಗಳ ಮೂಲಕ ಕ್ಯಾಮರಾವೂ ಲೆನ್ಸೂ ಮಾತನಾಡಿಕೊಳ್ಳುತ್ತವೆ. ಈ ಮಾತಿನ ಗುಟ್ಟನ್ನು ಕ್ಯಾಮರಾ ಕಂಪೆನಿಗಳು ಮೂರನೆಯವರಿಗೆ ಎಲ್ಲ ಕಾಲದಲ್ಲಿಯೂ ಬಿಟ್ಟುಕೊಟ್ಟವಲ್ಲ. ಸೋನಿಯು ತನ್ನ ಇ ಬಳೆಯ ವಿವರಗಳನ್ನು 2011ರಲ್ಲಿಯೇ ಲೆನ್ಸು ತಯಾರಕರಿಗೆ ಕೊಡಲೊಪ್ಪಿತು. ಕೆನಾನಿನ ಆರ್.ಎಫ್. ಬಳೆಗೆ ಸಿಗ್ಮಾ, ಟ್ಯಾಮ್ರಾನ್‌ಗಳ ಆಟೋಫೋಕಸ್ ಲೆನ್ಸುಗಳು ಅದರ ಒಪ್ಪಿಗೆಯಿಂದ ಪ್ರಕಟವಾದುದು 2024ರಲ್ಲಿ, ಅದೂ ಮೊದಲಿಗೆ ಸಣ್ಣ ಸೆನ್ಸರಿನ ಕ್ಯಾಮರಾಗಳಿಗೆ. ಮೇಲೆ ಹೇಳಿದ ಸಿಗ್ಮಾ 18–50 ಆ ಗುಂಪಿನಲ್ಲಿ ಬಂದಿತು. ಗುಟ್ಟು ತಿಳಿಯದೆ ಊಹೆಯಿಂದ ಮಾಡಿದ ಹಳೆಯ ಲೆನ್ಸುಗಳು ಮುಂದೆ ಬಂದ ಕ್ಯಾಮರಾಗಳೊಡನೆ ಕೆಲವೊಮ್ಮೆ ಮುನಿಸಿಕೊಳ್ಳುವುದುಂಟು. ಆದಕಾರಣ ನಿಮ್ಮ ಕ್ಯಾಮರಾವನ್ನೇ ಅಂಗಡಿಗೆ ಒಯ್ದು, ಜೋಡಿಸಿ, ಹತ್ತು ಚಿತ್ರ ತೆಗೆದು ನೋಡದೆ ಹಣ ಕೊಡಬೇಡಿರಿ.

ನಮ್ಮ ವಿದ್ಯಾರ್ಥಿನಿಯ ಅಣ್ಣನ ಕ್ಯಾಮರಾವು ಕನ್ನಡಿಯುಳ್ಳ ಹಳೆಯದು. ಅಂಥವಕ್ಕೆ ಟ್ಯಾಮ್ರಾನ್ 2006ರಲ್ಲಿಯೂ, ಸಿಗ್ಮಾ 2010ರಲ್ಲಿಯೂ ತಂದ 17–50 ಎಫ್ 2.8ರ ಲೆನ್ಸುಗಳು ಬಡವರ ಬಂಧುವೆನಿಸಿಕೊಂಡವು. ಈಗ ಅವು ಬಹುಮಟ್ಟಿಗೆ ಬಳಸಿದ ಸರಕಾಗಿ ಸಿಗುವುವು. ಅವುಗಳಲ್ಲಿ ಒಂದನ್ನು, ಏಳು ದಿನಗಳೊಳಗೆ ಹಿಂದಿರುಗಿಸಬಹುದೆಂಬ ಕರಾರಿನ ಮೇಲೆ, ಆಕೆಯು ಕೊಂಡು ತಂದಳು. ನಾವಿಬ್ಬರೂ ಸೇರಿ ಅದನ್ನು ಪರೀಕ್ಷಿಸಿದ ಕ್ರಮವನ್ನು ಬರೆಯುತ್ತೇವೆ.

ಕನ್ನಡದ ದಿನಪತ್ರಿಕೆಯ ಎರಡು ಹಾಳೆಗಳನ್ನು ಬಿಡಿಸಿ ಗೋಡೆಯ ಮೇಲೆ ಸುಕ್ಕಿಲ್ಲದಂತೆ ಅಂಟಿಸಿದೆವು. ಅದರ ನಡುವಿಗೆ ಸರಿಯಾಗಿ, ಓರೆಯಾಗದಂತೆ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, 17, 35, 50 ಈ ಮೂರು ಅಳತೆಗಳಲ್ಲಿ, ಎಫ್ 2.8ರಲ್ಲಿಯೂ ಎಫ್ 5.6ರಲ್ಲಿಯೂ ಚಿತ್ರ ತೆಗೆದೆವು. ಕೈ ತಾಗಿ ಅಲುಗದಂತೆ ಎರಡು ಸೆಕೆಂಡಿನ ಟೈಮರನ್ನು ಇಟ್ಟಿದ್ದೆವು. ಬಳಿಕ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆಗಳ ಒತ್ತಕ್ಷರಗಳನ್ನು ಓದಿ ನೋಡಿದೆವು. ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಒತ್ತಕ್ಷರಗಳು ಈ ಕೆಲಸಕ್ಕೆ ಮೇಲು. ಬಹಳ ಸಣ್ಣವಾದುದರಿಂದ ಲೆನ್ಸಿನ ಕುಂದನ್ನು ಬೇಗನೆ ಹೊರಗೆ ಹಾಕುತ್ತವೆ. ಎಫ್ 2.8ರಲ್ಲಿ ನಾಲ್ಕು ಮೂಲೆಗಳೂ ಸಮವಾಗಿ ಸ್ವಲ್ಪ ಮೃದುವಾಗಿದ್ದರೆ ಅದು ಸಹಜ, ಎಫ್ 5.6ಕ್ಕೆ ಬರುವಾಗ ತಿಳಿಯಾಗುವುದು. ಆದರೆ ಎಡಗಡೆಯ ಮೂಲೆಗಳಲ್ಲಿ 'ಕ್ಷ'ದ ಒಳಗೂ ನಿಚ್ಚಳವಾಗಿ ಕಾಣುತ್ತಿದ್ದು, ಬಲಗಡೆ ಕೆಳಮೂಲೆಯಲ್ಲಿ ಮಾತ್ರ 'ತ್ತ'ವೋ 'ತ್ರ'ವೋ ತಿಳಿಯಲಿಲ್ಲ. ಒಳಗಿನ ಯಾವುದೋ ಗಾಜು ನೆಟ್ಟಗೆ ಕುಳಿತಿಲ್ಲವೆಂಬುದಕ್ಕೆ ಇದೇ ಗುರುತು. ಐದನೆಯ ದಿನ ಅದನ್ನು ಹಿಂದಿರುಗಿಸಿ ಮತ್ತೊಂದನ್ನು ತಂದಳು. ಎರಡನೆಯದರಲ್ಲಿ ನಾಲ್ಕು ಮೂಲೆಗಳೂ ಓದಲು ಬಂದವು.

ಬಳಸಿದ ಲೆನ್ಸಿನಲ್ಲಿ ಇನ್ನೂ ನೋಡತಕ್ಕವು ಕೆಲವುಂಟು. ಕತ್ತಲೆಕೋಣೆಯಲ್ಲಿ ಟಾರ್ಚನ್ನು ಹಿಂದಿನಿಂದ ಹಾಯಿಸಿ ಮುಂದಿನಿಂದ ಇಣುಕಿದರೆ, ಒಳಗೆ ಬೂಸರು ಹಿಡಿದಿದ್ದಲ್ಲಿ ಜೇಡನ ಬಲೆಯ ಎಳೆಗಳಂತೆ ಕಾಣುವುದು. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ; ಬೂಸರಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬಾರದು. ಲೆನ್ಸನ್ನು ಕೆಳಮುಖವಾಗಿ ಹಿಡಿದಾಗ ಜೂಮ್ ಬಳೆಯು ತಾನಾಗಿ ಜಾರುತ್ತದೆಯೇ, ಅಲುಗಿಸಿದರೆ ಕಟಕಟ ಎನ್ನುತ್ತದೆಯೇ ಎಂಬುದನ್ನೂ ಗಮನಿಸಬೇಕು. ಹೊಸದನ್ನು ಕೊಳ್ಳುವವರು ವಾರಂಟಿಯ ಕಾಗದವು ಭಾರತದ್ದೇ ಹೌದೋ ಅಲ್ಲವೋ ನೋಡಿ, ಬಿಲ್ಲಿನಲ್ಲಿ ಲೆನ್ಸಿನ ನಂಬರನ್ನು ಬರೆಯಿಸಿಕೊಳ್ಳಬೇಕು. ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಸರಕಿಗೆ ಇಲ್ಲಿ ಉಚಿತ ರಿಪೇರಿ ದೊರೆಯದಿರಬಹುದು.

ಬೂಸರಿನ ಮಾತು ಬಂದುದರಿಂದ ಹೇಳುತ್ತೇವೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಹೊನ್ನಾಳಿ, ನ್ಯಾಮತಿಗಳ ಕಡೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಚರ್ಮದ ಚೀಲದೊಳಗೆ ಲೆನ್ಸನ್ನಿಟ್ಟು ಮರೆಯಬಾರದು. ಚರ್ಮವೂ ಬಟ್ಟೆಯೂ ತೇವವನ್ನು ಹಿಡಿದಿಡುತ್ತವೆ. ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಇಡತಕ್ಕದ್ದು. ಬಣ್ಣ ಬದಲಾಗುವ ಹರಳಿನದಾದರೆ ತೇವ ಹೀರಿದುದು ಕಣ್ಣಿಗೆ ತಿಳಿಯುವುದು. ಬೆಚ್ಚಗೆ ಕಾಯಿಸಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂತಿಡುವವರುಂಟು, ಅಕ್ಕಿಯ ಹುಡಿಯು ಬಳೆಗಳ ಸಂದಿಗೆ ಸೇರುವುದರಿಂದ ಅದು ಬೇಡ. ನಮ್ಮ ವಿದ್ಯಾರ್ಥಿನಿಯು ತಾಯಿಯ ಚಕ್ಕುಲಿ ಡಬ್ಬಿಯನ್ನು ಕೇಳಿ ಪಡೆದು, ತೊಳೆದು ಬಿಸಿಲಿಗೆ ಒಣಗಿಸಿ, ಅದರಲ್ಲಿ ಲೆನ್ಸನ್ನಿಟ್ಟಿದ್ದಾಳೆ. ಮಕ್ಕಳು ಎರಡು ಸಲ ತೆರೆದು ನೋಡಿ ನಿರಾಶರಾದರಂತೆ. ನ್ಯಾಮತಿಯ ಕಡೆಯ ಒಂದು ಸೀಮಂತವು ಆಕೆಯ ಮೊದಲನೆಯ ಕೆಲಸವಾಯಿತು. ಅದರಿಂದ ಬಂದ ಹಣದಲ್ಲಿ ಸಂಘದ ಮೂರು ವಾರದ ಕಂತನ್ನು ಒಟ್ಟಿಗೆ ಕಟ್ಟಿದಳೆಂದು ತಿಳಿಸಿದ್ದಾಳೆ.